ಉಸಿರಿನಳತೆಯ ಪದ

ಪದದಕ್ಕನಿಗೆ ಒಂದು ಉಸಿರಿಗೆ ಮೂರೇ ಮಾತು. ನಾಲ್ಕನೆಯದಕ್ಕೆ ಹೋದರೆ ಕೆಮ್ಮು ಅಡ್ಡ ಬೀಳುತ್ತದೆ.

ಹತ್ತೊಂಬತ್ತು ವರ್ಷ ಪಾಲಿಶ್ ಶೆಡ್ಡಿನಲ್ಲಿ ಕಲ್ಲಿನ ಚಪ್ಪಡಿ ಉಜ್ಜಿದವಳು ಅವಳು. ನೀರು ಹಾಯಿಸಿ ಉಜ್ಜಿದರೆ ಪುಡಿ ಏಳುವುದಿಲ್ಲ, ಆದರೆ ಕೆಲಸ ತಡ ಎಂದು ಮಾಲೀಕ ನೀರಿನ ಪೈಪನ್ನೇ ಕೀಳಿಸಿದ. ಪುಡಿ ಎದೆಯಲ್ಲಿ ಹೋಗಿ ಕೂತಿತು. ಎಕ್ಸ್‌ರೇ ನೋಡಿದ ಕಂಪನಿ ಡಾಕ್ಟರು ಚೀಟಿಯಲ್ಲಿ ‘ಬೀಡಿ ಚಟದಿಂದ’ ಎಂದು ಗೀಚಿದ. ಜನ್ಮದಲ್ಲಿ ಅವಳು ಬೀಡಿ ಮುಟ್ಟಿದವಳಲ್ಲ. ಚೀಟಿಯಲ್ಲಿ ಆ ಎರಡು ಮಾತಿರುವ ತನಕ ಪರಿಹಾರವಿಲ್ಲ. ಅವಳಿಗಷ್ಟೇ ಅಲ್ಲ, ಅದೇ ಚೀಟಿ ಹಿಡಿದು ಕೆಮ್ಮುತ್ತಿದ್ದ ಇನ್ನೂ ನಲವತ್ತು ಹೆಂಗಸರಿಗೂ.

ಪದ ಕಟ್ಟತೊಡಗಿದ್ದು ಹಾಸಿಗೆ ಹಿಡಿದ ಮೇಲೆ. ಉಸಿರು ಎಲ್ಲಿ ಮುಗಿಯಿತೋ ಅಲ್ಲಿಗೆ ಸಾಲೂ ಮುಗಿಯಿತು. ಗಂಡನ ತಂಗಿ ಪಕ್ಕದಲ್ಲಿ ಕೂತು ಬರೆದುಕೊಳ್ಳುವಳು.

“ಅತ್ತಿಗೆ, ಇದು ಪದ್ಯಾನೋ ದಿನಸಿ ಪಟ್ಟಿನೋ?”

“ಬಾಯ್ಮುಚ್ಚಿ ಬರಿಯೇ. ಉಸಿರು ವಾಪಸ್ ಬರಲ್ಲ.”

ನಾದಿನಿ ಬರೆದದ್ದು ಇದು:

ಒಳಗೂ ಕಲ್ಲು
ಹೊರಗೂ ಕಲ್ಲು
ನಡುವೆ ನಾನು
ಬಾಡಿಗೆ ಉಸಿರು

ನಮ್ಮ ಕಾರ್ಮಿಕ ಸಂಘದ ಮಾರುದ್ದದ ಘೋಷಣೆಗಳೆಲ್ಲ ಇದರ ಮುಂದೆ ಸಪ್ಪೆ.

ಆ ವರ್ಷ ಮಾಲೀಕ ಕಂಪನಿ ಆಸ್ಪತ್ರೆಗೆ ಹೊಸ ವಾರ್ಡು ಕಟ್ಟಿಸಿದ. ನೆಲಕ್ಕೆ ಹಾಸಿದ್ದು ಅದೇ ಶೆಡ್ಡಿನ ಕಲ್ಲು, ಮುಖ ಕಾಣುವಷ್ಟು ಹೊಳಪು. ಉದ್ಘಾಟನೆಗೆ ರೋಗಿಯೊಬ್ಬಳ ಪದ್ಯ ಇದ್ದರೆ ಶೋಭೆ ಎಂದು ಯಾರೋ ಹೇಳಿದರು. ಮ್ಯಾನೇಜರ್ ಅವಳ ಮನೆಗೇ ಬಂದ.

“ಗುಣ ಆದೆ ಅಂತ ಒಂದು ಹೇಳಮ್ಮ. ಎಲ್ರಿಗೂ ಧೈರ್ಯ ಬರುತ್ತೆ.”

“ಗುಣ ಆಗ್ಲಿ ಸಾರ್. ಆಮೇಲೆ ಹೇಳ್ತೀನಿ.”

“ಔಷಧಿ ಕೊಡ್ತಿರೋದು ಕಂಪನಿ. ನೆನಪಿರ್ಲಿ.”

“ಕಾಯಿಲೇನೂ ಕಂಪನಿದೇ ಸಾರ್.”

ಅಷ್ಟು ಹೇಳಿಯೂ ಒಪ್ಪಿಕೊಂಡಳು. ನಾದಿನಿ ಹೌಹಾರಿದಳು. “ಅವರ ಹೊಗಳಿಕೆ ಹಾಡೋಕ್ ಹೋಗ್ತೀಯಾ?”

“ಮೈಕು ಅವರೇ ಕೊಡ್ತಾರೆ. ನಾವ್ಯಾಕೆ ಬಿಡ್ಬೇಕು?”

ವೇದಿಕೆಯಲ್ಲಿ ಕಲ್ಲಿನ ಪದ ಮುಗಿದಾಗ ಗಣ್ಯರು ಚಪ್ಪಾಳೆ ತಟ್ಟಿದರು. ಅರ್ಥವಾಗಿರಲಿಲ್ಲ, ಪಾಪ. ಅವಳು ಉಸಿರು ಕೂಡಿಸಿಕೊಂಡು ಎರಡನೆಯದಕ್ಕೆ ಕೈ ಹಾಕಿದಳು. “ಬೀಡಿ ನಾ ಸೇದಲಿಲ್ಲ...”

ಮ್ಯಾನೇಜರ್ ಕೈ ಬೀಸಿದ. ಮೈಕು ಸತ್ತಿತು. ಅದೇ ಹೊತ್ತಿಗೆ ಕೆಮ್ಮೂ ಒತ್ತರಿಸಿ ಬಂದು ದನಿಯೇ ಅಡಗಿತು. ಅವಳು ಇಳಿಯಲಿಲ್ಲ. ಕಂಬ ಹಿಡಿದು ನಿಂತು ಬರೀ ತುಟಿ ಆಡಿಸಿದಳು.

ಮುಂದೆ ಕೂತವರಿಗೆ ಅದು ಕಾಯಿಲೆಯವಳ ಬಡಬಡಿಕೆ. ಹಿಂದೆ ನಿಂತಿದ್ದವರು ಶೆಡ್ಡಿನ ಹೆಂಗಸರು. ಆರು ಮಷಿನ್ನು ಒಟ್ಟಿಗೆ ಅರಚುವ ಜಾಗದಲ್ಲಿ ಕಿವಿಗೇನು ಕೆಲಸ? ಗಂಡನ ಜಗಳ, ಮಗಳ ಬಸಿರು, ಮೇಸ್ತ್ರಿಯ ಚಾಡಿ ಎಲ್ಲವನ್ನೂ ಅವರು ವರ್ಷಾನುಗಟ್ಟಲೆ ತುಟಿ ನೋಡಿಯೇ ತಿಳಿದವರು. ಅವಳ ತುಟಿ ನೋಡಿ ನಲವತ್ತು ಗಂಟಲು ಒಟ್ಟಿಗೆ ಹೇಳಿತು:

ಬೀಡಿ ನಾ ಸೇದಲಿಲ್ಲ
ನನ್ನ ಸೇದಿದ್ದು
ನಿಮ್ಮ ಶೆಡ್ಡು

ನಲವತ್ತು ಗಂಟಲು ಆರಿಸಲು ಯಾರಿಗೂ ಸ್ವಿಚ್ಚು ಸಿಗಲಿಲ್ಲ.

ಮಾರನೆಯ ದಿನ ಔಷಧಿ ನಿಂತಿತು. ಅದರ ಮಾರನೆಯ ದಿನ ಕೆಲಸ ಬಿಟ್ಟು ಅಷ್ಟೂ ಹೆಂಗಸರು ಡಾಕ್ಟರ ಕೋಣೆಗೆ ನುಗ್ಗಿದರು. ಎಲ್ಲರಿಗಿಂತ ಮುಂದೆ ಪದದಕ್ಕ, ನಾದಿನಿಯ ಹೆಗಲಿಗೆ ಆತು.

“ಒಬ್ಬೊಬ್ರೇ ಬನ್ನಿ, ಒಬ್ಬೊಬ್ರೇ,” ಎಂದ ಡಾಕ್ಟರು.

“ಒಬ್ಬೊಬ್ರೇ ಬಂದಿದ್ದಕ್ಕೇ ಅಲ್ವೇನ್ರೀ ಎಲ್ರಿಗೂ ಬೀಡಿ ಸೇದಿಸಿದ್ದು?” ಎಂದಳು ನಾದಿನಿ.

ಪದದಕ್ಕ ಮೇಜಿನ ಮೇಲೆ ಬಗ್ಗಿದಳು. “ಬಾಯಿ ಮೂಸಿ ಡಾಕ್ಟ್ರೇ. ಆಮೇಲೆ ಬೀಡಿ ಬರೀರಿ.”

ಡಾಕ್ಟರು ಕುರ್ಚಿ ಹಿಂದಕ್ಕೆ ಸರಿಸಿದ. ಸರಿಯಲು ಗೋಡೆ ಬಿಡಲಿಲ್ಲ. ಬಾಗಿಲಲ್ಲಿ ಒಬ್ಬಳು ಕೆಮ್ಮಿದಳು. ಅದು ಒಬ್ಬರಿಂದ ಒಬ್ಬರಿಗೆ ಹತ್ತಿ ಕೋಣೆಯೇ ಕೆಮ್ಮಿತು. ಅವನು ಪೆನ್ನು ತೆಗೆದ. ಅವಳ ಚೀಟಿಯಲ್ಲಿ ‘ಬೀಡಿ ಚಟದಿಂದ’ ಹೊಡೆದುಹಾಕಿ ‘ಕಲ್ಲಿನ ಪುಡಿಯಿಂದ’ ಎಂದು ಬರೆದು ಸಹಿ ಹಾಕಿದ.

ಅವಳು ಚೀಟಿಯನ್ನು ನಾದಿನಿಯಿಂದ ಎರಡು ಸಲ ಓದಿಸಿಕೊಂಡಳು. ಆಮೇಲೆ ಬೆಂಚಿನ ಮೇಲೆ ಕುಸಿದು, ಹಿಂದಿನವಳನ್ನು ಗದ್ದದ ಸನ್ನೆಯಿಂದಲೇ ಮುಂದೆ ಕಳಿಸಿದಳು.

“ಇನ್ನೂ ನಲವತ್ತಿವೆ. ಬರೀರಿ.”