ಹೊಳೆಗೆ ನೀರು ಹೊತ್ತು ಬಂದ ಚಿಕ್ಕಮ್ಮ

ಬೇಸಿಗೆಯ ಸಂಜೆ ಪಾರ್ಕಿನ ಮಾಲಿ ಪೈಪು ಹಿಡಿದು ಮರಳಿನ ದಾರಿಗೆ ನೀರು ಚಿಮುಕಿಸುತ್ತಾನಲ್ಲ, ಆಗ ಏಳುವ ತಣ್ಣನೆಯ ಹಸಿ ವಾಸನೆಗೆ ನಾನು ನಡೆಯುವುದನ್ನೇ ಬಿಟ್ಟು ಕಲ್ಲುಬೆಂಚಿನ ಮೇಲೆ ಕೂತುಬಿಡುತ್ತೇನೆ. ಹಿರಿಯೂರಿನಲ್ಲಿ ನಮ್ಮ ಮನೆಯ ಹಿತ್ತಿಲ ಬಾಗಿಲು ತೆಗೆದರೆ ವೇದಾವತಿಯ ಮರಳು ಕಾಣುತ್ತಿತ್ತು. ಆಗ ಇಂಥ ಪಾರ್ಕುಗಳೆಲ್ಲಿದ್ದವು? ನೆಂಟರು ಬಂದರೆ ಮಾರಿಕಣಿವೆಯ ತೋಟಕ್ಕೆ, ಎಂದಾದರೊಮ್ಮೆ ದುರ್ಗದ ಚಂದ್ರವಳ್ಳಿಗೆ ಹೋಗುತ್ತಿದ್ದೆವು. ಉಳಿದಂತೆ ಭಾನುವಾರದ ನಮ್ಮ ಪಾರ್ಕೆಂದರೆ ಹೊಳೆದಂಡೆಯ ಹೊಂಗೆತೋಪು. ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಮೊಸರನ್ನ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊರಡುವುದು. ನೀರು ಮಾತ್ರ ಒಯ್ಯುವಂತಿರಲಿಲ್ಲ. ಹೊಳೆ ಬತ್ತಿದ್ದರೂ ಸರಿಯೇ, ಮರಳಲ್ಲಿ ಒರತೆ ತೋಡಿ, ತಿಳಿಯಾಗುವವರೆಗೆ ಕಾದು, ತೆಂಗಿನ ಚಿಪ್ಪಿನಲ್ಲಿ ಮೊಗೆದು ಕುಡಿಯಬೇಕು. ಮನೆಯ ನೀರು ಒಯ್ದರೆ ಗಂಗಮ್ಮನಿಗೆ ಅವಮಾನವೆಂದು ಅಜ್ಜಿಯ ಕಟ್ಟುನಿಟ್ಟು.

ಚಿಕ್ಕಪ್ಪನ ಮದುವೆಯಾದ ವರ್ಷ. ಚಿಕ್ಕಮ್ಮ ಭರಮಸಾಗರದವಳು, ದೊಡ್ಡ ಕೆರೆಯ ಪಕ್ಕದಲ್ಲೇ ಬೆಳೆದವಳು. ಕಣ್ಣೆತ್ತಿದರೆ ನೀರು ಕಂಡವಳಿಗೆ ನಮ್ಮ ಒಣಮರಳು ನೋಡಿ ಏನನ್ನಿಸಿತೋ, ಬಂದಾಗಿನಿಂದ ಮಾತಿಲ್ಲ, ನಗುವಿಲ್ಲ. ಸುಮ್ಮನೆ ಅಡುಗೆಮನೆಯ ಕಿಟಕಿ ಹಿಡಿದು ನಿಲ್ಲುವುದು. ಒಮ್ಮೆ ತವರಿಗೆ ಹೋದವಳನ್ನು ಚಿಕ್ಕಪ್ಪ ಹೋಗಿ ರಮಿಸಿ ಕರೆತಂದಿದ್ದ. "ಇನ್ನೊಂದ್ಸಲ ಹೋದ್ರೆ ತಿರುಗಿ ಬರಾಕಿಲ್ಲ ಕಣೇ ಇವ್ಳು," ಎಂದು ಅಜ್ಜಿ ಅಮ್ಮನ ಹತ್ತಿರ ಪಿಸುಗುಡುವುದು ನನಗೂ ಕೇಳುತ್ತಿತ್ತು. ಅವಳ ಮನಸ್ಸು ಹಗುರಾಗಲಿ ಅಂತಲೇ ಆ ಭಾನುವಾರ ತೋಪಿಗೆ ಹೊರಟಿದ್ದು. ಆದರೆ ನೀರಿನ ವಿಷಯ ಅವಳಿಗೆ ಹೇಳಲು ಎಲ್ಲರೂ ಮರೆತಿದ್ದರು. ಪಾಪ, ತವರಿನವರು ಕೊಟ್ಟ ಹಿತ್ತಾಳೆ ಬಿಂದಿಗೆ ತುಂಬಿಸಿ, ಸೊಂಟದ ಮೇಲಿಟ್ಟುಕೊಂಡು, ಬಿಸಿಲಲ್ಲಿ ಎಲ್ಲರ ಹಿಂದೆ ನಡೆದು ಬಂದಳು.

"ನೋಡ್ರೇ, ಹೊಳೆಗೆ ನೀರು ಹೊತ್ಕಂಡ್ ಬಂದವ್ಳೆ! ಭರಮಸಾಗರದೋರು ಹೋದಲ್ಲೆಲ್ಲ ಕೆರೆ ಹೊತ್ಕಂಡೇ ಹೋಗ್ತಾರೇನೋ," ಎಂದು ಸೋದರತ್ತೆ, ನಮ್ಮಪ್ಪನ ಅಕ್ಕ, ಚಪ್ಪಾಳೆ ತಟ್ಟಿದಳು. ಎಲ್ಲರೂ ನಕ್ಕರು. ಅಜ್ಜಿಯೂ ನಗುತ್ತಲೇ, "ಇಲ್ಲಿ ಗಂಗಮ್ಮನ ಒರತೆ ನೀರೇ ಕುಡೀಬೇಕು ಕಣಮ್ಮ," ಎಂದು ಬಿಂದಿಗೆ ಇಸಕೊಂಡು ನೀರನ್ನು ಹೊಂಗೆಯ ಬುಡಕ್ಕೆ ಸುರಿದಳು. ಚಿಕ್ಕಮ್ಮ ನಗಲಿಲ್ಲ. ಬುತ್ತಿ ಬಿಚ್ಚುವ ಹೊತ್ತಿಗೆ ನೋಡಿದರೆ ಅವಳೂ ಇಲ್ಲ, ಬಿಂದಿಗೆಯೂ ಇಲ್ಲ. ತವರಿನ ಬಿಂದಿಗೆಯನ್ನೂ ಒಯ್ದಿದ್ದಾಳೆಂದರೆ ಹೋದಳೆಂದೇ ಅರ್ಥ. ಅವಳ ತವರಿಗೆ ದುರ್ಗದ ಬಸ್ಸೇ ದಾರಿ; ಚಿಕ್ಕಪ್ಪ ಚಪ್ಪಲಿಯನ್ನೂ ಮೆಟ್ಟದೆ ಬಸ್‌ಸ್ಟ್ಯಾಂಡಿಗೆ ಓಡಿದ. ಅಜ್ಜಿ ರೊಟ್ಟಿ ಕೆಳಗಿಟ್ಟು, "ಸುರಿಯೋದು ಸುರಿದೆ, ನಗಬಾರ್ದಿತ್ತು ನಾನು," ಅಂದಳು. ಸೋದರತ್ತೆ ತಲೆ ತಗ್ಗಿಸಿ ಕೂತಳು. ಮಕ್ಕಳು ಕೂಡ ಊಟ ಕೇಳಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಜಾಲಿ ಪೊದೆಯ ಆಚೆಯಿಂದ ಚಿಕ್ಕಮ್ಮ ಬಂದಳು. ಸೀರೆ ಎತ್ತಿ ಕಟ್ಟಿದ್ದಾಳೆ, ಮೊಣಕೈವರೆಗೆ ಮರಳು, ಸೊಂಟದಲ್ಲಿ ತುಂಬಿದ ಬಿಂದಿಗೆ. ನೇರ ಅಜ್ಜಿಯ ಎದುರಿಗೆ ಬಂದು ನಿಂತಳು. "ತಗಳ್ರಿ ಅತ್ತೆ, ನಿಮ್ಮ ಗಂಗಮ್ಮನ ನೀರು. ಬಾಳ ಜಿಪುಣಿ ಅವ್ಳು. ಎಷ್ಟು ತೋಡಿದ್ರೂ ಕೊಡಲಿಲ್ಲ. ಬಾಯಿಗೆ ಬಂದಂಗೆ ಬೈದೆ, ಆಮೇಲೆ ಕೊಟ್ಲು."

"ಅಯ್ಯೋ, ಗಂಗಮ್ಮನ್ನ ಬೈತಾರೇನಮ್ಮ?"

"ಮತ್ತೆ ನಿಮ್ಮನ್ನ ಬೈಯಾಕಾಗ್ತೈತಾ?"

ಅಜ್ಜಿ ಕಣ್ಣಲ್ಲಿ ನೀರು ಬರುವಂತೆ ನಕ್ಕು, ಬೊಗಸೆಯೊಡ್ಡಿದಳು. ಅಷ್ಟರಲ್ಲಿ ಏದುಸಿರು ಬಿಡುತ್ತ ಬಂದ ಚಿಕ್ಕಪ್ಪ, "ದುರ್ಗದ ಬಸ್ಸು ಹೋಗೇಬಿಟ್ಟೈತೆ ಕಣವ್ವಾ," ಎನ್ನುತ್ತಿದ್ದವನು ಹೆಂಡತಿಯನ್ನು ಕಂಡು ಮರಳ ಮೇಲೆ ದೊಪ್ಪನೆ ಕೂತ. "ಇವ್ರು ಯಾವೂರಿಗೆ ಹೊರಟಿದ್ರು?" ಎಂದು ಚಿಕ್ಕಮ್ಮ ನಮ್ಮನ್ನು ಕೇಳಿದಳು.

ಆ ಮನೆಯನ್ನು, ಆ ತೋಪನ್ನು ಈಗ ಹುಡುಕಿದರೆ ರಸ್ತೆ ಸಿಗುತ್ತದೆ. ಅಜ್ಜಿ ಇಲ್ಲ. ಬದುಕಿದ್ದಷ್ಟು ದಿನವೂ ಆ ಮನೆಯವಳಾಗಿಯೇ ಇದ್ದು, ನಮ್ಮನ್ನೆಲ್ಲ ಉಣಿಸಿ ದೊಡ್ಡವರನ್ನಾಗಿ ಮಾಡಿದ ಚಿಕ್ಕಮ್ಮನೂ ಇಲ್ಲ. ಆದರೂ ಆ ಮಧ್ಯಾಹ್ನ ನೆನೆದರೆ ಇವತ್ತಿಗೂ ಉಸಿರು ಹಗುರಾಗುತ್ತದೆ. ಊಟವಾದ ಮೇಲೆ ಅಜ್ಜಿ ಸೊಸೆಯ ತೊಡೆಯ ಮೇಲೆ ತಲೆಯಿಟ್ಟು ಹಾಗೇ ನಿದ್ದೆಹೋದಳು. ಎಂದಿನಿಂದ ನಿದ್ದೆಗೆಟ್ಟಿದ್ದಳೋ. ನೊಣ ಕೂರದಂತೆ ಸೆರಗು ಬೀಸುತ್ತ ಚಿಕ್ಕಮ್ಮ, ಮರಕೋತಿ ಆಡುತ್ತಿದ್ದ ನಮ್ಮ ಕಡೆ ತಿರುಗಿ ತುಟಿಗೆ ಬೆರಳಿಟ್ಟಳು.

"ಗಲಾಟೆ ಮಾಡಬ್ಯಾಡ್ರಲೇ. ಅತ್ತೆ ಮಲಗವ್ರೆ."

ನಾವು ಮರದ ಮೇಲೆ ಇದ್ದಲ್ಲೇ ಸುಮ್ಮನಾದೆವು.