ತಾನೇ ಬೀಗ ಹಾಕಿಕೊಂಡ ಪುಸ್ತಕ

ಮೊನ್ನೆ ಮೊಮ್ಮಗಳ ಸ್ಕೂಲ್ ಪ್ರಾಜೆಕ್ಟಿನ ನಡುವೆ ಗೋಂದು ಮುಗಿದುಹೋಯಿತು. ಅಂಗಡಿಗೆ ಯಾರು ಇಳಿದು ಹೋಗುತ್ತಾರೆ ಎಂದು ಒಂದು ಹಿಡಿ ಮೈದಾವನ್ನು ನೀರಿಗೆ ಕದಡಿ ಒಲೆಯ ಮೇಲಿಟ್ಟೆ. ಅದು ಗುಳುಗುಳು ಕುದಿಯತೊಡಗಿ, ಆ ಹಸಿ ಹಿಟ್ಟಿನ ಬಿಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಸೌಟು ಹಿಡಿದ ಕೈ ಹಾಗೇ ನಿಂತಿತು. ಲೈಬ್ರರಿ ಆಂಟಿಯ ಮನೆಯ ವಾಸನೆ ಅದು! ಅವರು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು, ಜಿರಳೆ ಪುಸ್ತಕ ತಿನ್ನಬಾರದೆಂದು. ಅದೊಂದು ಇರಲಿಲ್ಲ, ಅಷ್ಟೇ.

ತೊಂಬತ್ತರ ದಶಕದಲ್ಲಿ ನಾವು ಗಿರಿನಗರದಲ್ಲಿದ್ದೆವು. ನಮ್ಮ ಮನೆ ದಾಟಿ ಸ್ವಲ್ಪ ಮುಂದೆ, ಕಾರೇ ಇಲ್ಲದ ಒಂದು ಕಾರ್ ಶೆಡ್ಡಿನಲ್ಲಿ ಅವರ ಸರ್ಕ್ಯುಲೇಟಿಂಗ್ ಲೈಬ್ರರಿ. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಆ ಶೆಡ್ಡೇ ಸಂಸಾರ. ಇಟ್ಟಮಡುವಿನಿಂದ ನಡೆದು ಬರುವವರಿದ್ದರು, ಉತ್ತರಹಳ್ಳಿ ಬಸ್ಸಿಳಿದು ಚೀಲ ಹಿಡಿದು ಬರುವ ಹೆಂಗಸರಿದ್ದರು. ಯಾರಿಗೂ ಬೇಕಾದ ಪುಸ್ತಕ ಆರಿಸಿಕೊಳ್ಳುವ ಸ್ವಾತಂತ್ರ್ಯ ಇರಲಿಲ್ಲ ಅನ್ನಿ! ನಾನು ಹೊಸ ಸೊಸೆಯಾಗಿ ಬಂದವಳು, ಅಳುಬುರುಕಿ ಕಾದಂಬರಿಯೊಂದನ್ನು ಎತ್ತಿಕೊಂಡರೆ ಕೈಯಿಂದ ಕಿತ್ತುಕೊಂಡರು. “ಮನೇಲಿ ಅತ್ತೆ ಇದಾರಲ್ಲ, ಅಳೋದಕ್ಕೆ ಪುಸ್ತಕ ಬೇರೆ ಬೇಕಾ ನಿಂಗೆ?” ಎಂದರು. ಆವತ್ತಿನಿಂದ ನಾನು ಅವರ ಬಾಲ.

ಅವರದೊಂದು ಪದ್ಧತಿ ಇತ್ತು. ಪುಸ್ತಕ ವಾಪಸು ಬಂದ ಕೂಡಲೇ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಮಗುಚಿ ನೋಡಬೇಕು. ಬೆಳಿಗ್ಗೆ ಶಟರ್ ಎತ್ತಿದರೆ ಕಪಾಟಿನ ಪುಸ್ತಕಗಳನ್ನು ಸರದಿಯಂತೆ ತೆಗೆದು, ಬಿಚ್ಚಿ, ಗಾಳಿಯಾಡಿಸಿ ಇಡಬೇಕು. ಯಾರೋ ಪುಣ್ಯಾತ್ಮರು ಪತ್ತೇದಾರಿ ಕಾದಂಬರಿಗಳ ಕೊನೆಯ ಪುಟ ಹರಿದಿಟ್ಟುಕೊಳ್ಳುತ್ತಿದ್ದರಂತೆ. “ಕೊನೇ ಪುಟ ಇಲ್ಲದ ಪುಸ್ತಕ ಕೊಡೋದು ಅಂದ್ರೆ, ಊಟಕ್ಕೆ ಕರೆದು ಅರ್ಧದಲ್ಲಿ ಎಲೆ ಎತ್ತಿದ ಹಾಗೆ ಕಣೇ” ಎನ್ನುತ್ತಿದ್ದರು. ಬೈಂಡು ಕಿತ್ತುಬಂದರೆ ಅದೇ ಮೈದಾ ಅಂಟು, ದಾರ, ಹಳೇ ಸೀರೆಯ ತುಂಡು. ಅವರ ಕೈಗೆ ಸಿಕ್ಕ ಪುಸ್ತಕಕ್ಕೆ ಸಾವಿಲ್ಲ ಎಂದು ನಾವೆಲ್ಲ ತಮಾಷೆ ಮಾಡುತ್ತಿದ್ದೆವು.

ಆಮೇಲೆ ಅವರ ಕಣ್ಣು ಹೋಗತೊಡಗಿತು... ಎರಡು ಸಾವಿರದ ನಂತರದ ಮಾತು. ನೋಟದ ನಡುವಿನಲ್ಲೇ ಕಪ್ಪು. ಸುತ್ತಲಿನದು ಕಾಣುತ್ತದೆ, ನೋಡಬೇಕಾದ್ದು ಮಾತ್ರ ಕಾಣುವುದಿಲ್ಲ. ಜಯನಗರದ ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಒಂದು ಕಣ್ಣು ಆಗಲೇ ಹೋಗಿದೆ, ಇನ್ನೊಂದು ಕೆಲವು ತಿಂಗಳು ಉಳಿದರೆ ಹೆಚ್ಚು ಎಂದರು. ಆಟೋದಲ್ಲಿ ಬನಶಂಕರಿ ದಾಟುವಾಗ ಆಂಟಿ ನನ್ನ ಕೈ ಹಿಡಿದುಕೊಂಡು, “ಆ ಮೂರನೇ ಭಾಗ ಒಂದು ಓದಿ ಮುಗಿಸ್ಬೇಕು ಕಣೇ. ಆಮೇಲೆ ಏನಾದ್ರೂ ಆಗ್ಲಿ” ಎಂದರು.

ಒಂದು ಮನೆತನದ ಕಥೆ ಹೇಳುವ, ಮೂರು ಭಾಗದ ದೊಡ್ಡ ಕಾದಂಬರಿ ಅದು. ಎರಡು ಭಾಗ ಬಂದು ಎಷ್ಟೋ ವರ್ಷ ಸುಮ್ಮನಿದ್ದ ಲೇಖಕರು ಆಗಷ್ಟೇ ಮೂರನೆಯದನ್ನು ಮುಗಿಸಿದ್ದರು. ಆ ಮನೆತನದ ಕಥೆ ಏನಾಯಿತು, ಮನೆ ಬಿಟ್ಟುಹೋದ ಮಗಳು ತಿರುಗಿ ಬಂದಳೇ ಎಂದು ಆಂಟಿ ನನ್ನೊಂದಿಗೆ ವಾದಿಸದ ದಿನವಿರಲಿಲ್ಲ. ಪುಸ್ತಕ ಬಂತು. ಆದರೆ ಅಚ್ಚಿನ ಅಕ್ಷರ ಅವರಿಗೆ ಭೂತಗನ್ನಡಿಯಲ್ಲೂ ಕಾಣುತ್ತಿರಲಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ಕರ್ಮ!

ಅಷ್ಟರಲ್ಲಿ ಆ ಪುಸ್ತಕದ ಪ್ರಕಾಶಕರು ತಮ್ಮ ಕಾದಂಬರಿಗಳನ್ನು ಸಿ.ಡಿ.ಗೆ ಹಾಕಿ ಲೈಬ್ರರಿಗಳಿಗೆ ಕೊಡಲು ಶುರು ಮಾಡಿದರು. ಇ-ಪುಸ್ತಕವಂತೆ. ಆ ಮೂರನೇ ಭಾಗವೂ ಅದರಲ್ಲಿತ್ತು. ಆಂಟಿ ಒಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಕೊಂಡರು. ಪ್ರಕಾಶಕರ ಕಡೆಯ ಮನುಷ್ಯ ಬಂದು ಜೋಡಿಸಿಕೊಟ್ಟ. ಈ ಕಂಪ್ಯೂಟರಿನಲ್ಲಷ್ಟೇ ಓದಬೇಕು, ಪ್ರಿಂಟು ತೆಗೆಯುವಂತಿಲ್ಲ, ಒಂದು ಸಲ ತೆರೆದರೆ ಒಬ್ಬರಿಗೆ ಎರವಲು ಕೊಟ್ಟ ಲೆಕ್ಕ, ಇಷ್ಟು ಸಲ ಆದ ಮೇಲೆ ಮುಚ್ಚಿಕೊಳ್ಳುತ್ತದೆ ಎಂದು ಕಾಫಿ ಹೀರುತ್ತಲೇ ಹೇಳಿದ. “ಪೇಪರ್ ಪುಸ್ತಕಾನೂ ಸವೆದುಹೋಗುತ್ತಲ್ಲ ಮೇಡಂ, ಹಾಗೇ ಇದೂ” ಎಂದು ನಕ್ಕ. ಆ ಮಾತು ನಮ್ಮಿಬ್ಬರ ಕಿವಿಗೂ ಇಳಿಯಲಿಲ್ಲ. ಏಕೆಂದರೆ ಅವನು ಪರದೆಯನ್ನು ಕಪ್ಪು ಮಾಡಿ, ಬಿಳಿ ಅಕ್ಷರವನ್ನು ಉದ್ದಿನ ವಡೆಯಷ್ಟು ದಪ್ಪ ಮಾಡಿದ್ದ. ಆಂಟಿ ಕತ್ತು ವಾರೆ ಮಾಡಿ, ಕಣ್ಣಂಚಿನಿಂದ ಒಂದು ಸಾಲು ಓದಿದರು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ದಿನಕ್ಕೆ ಕೆಲವೇ ಪುಟ. ಅಷ್ಟಕ್ಕೇ ಕಣ್ಣು ಸೋಲುತ್ತಿತ್ತು. ಆದರೂ ಸಂಜೆ ನನ್ನನ್ನು ಕೂರಿಸಿಕೊಂಡು ಕಥೆ ಹೇಳುವ ಉಮೇದು ನೋಡಬೇಕಿತ್ತು... ಆ ತಿಂಗಳುಗಳಲ್ಲಿ ಅವರು ಹತ್ತು ವರ್ಷ ಚಿಕ್ಕವರಾಗಿದ್ದರು.

ಕೊನೆಯ ಅಧ್ಯಾಯ ಶುರುವಾದ ಮರುದಿನ ಬೆಳಿಗ್ಗೆ ಅವರ ಚೀರಾಟ ನಮ್ಮ ಅಡುಗೆಮನೆಗೆ ಕೇಳಿಸಿತು. “ಹೋಯ್ತು ಕಣೇ, ನನ್ನ ಕಣ್ಣು ಹೋಯ್ತು! ಏನೂ ಕಾಣ್ತಿಲ್ಲ!” ಓಡಿಹೋಗಿ ನೋಡಿದರೆ ಪರದೆಯೇ ಖಾಲಿ. ಮೂಲೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಈ ಪ್ರತಿಯ ಅವಧಿ ಮುಗಿದಿದೆ ಎಂದಿತ್ತು. ಕಣ್ಣು ಹೋಗಿಲ್ಲ ಆಂಟಿ, ಪುಸ್ತಕ ಮುಚ್ಚಿಕೊಂಡಿದೆ ಎಂದೆ. ಮೊದಲು ನಕ್ಕರು. ಆಮೇಲೆ ಅರ್ಥವಾಯಿತು.

ಆಗಿದ್ದಿಷ್ಟೇ. ಅವರು ದಿನಾ ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ, ಕಪಾಟಿನ ಪುಸ್ತಕಗಳ ಜೊತೆಗೆ ಸಿ.ಡಿ.ಯಲ್ಲಿದ್ದವನ್ನೂ ತೆರೆದು, ಕೊನೆಯ ಪುಟ ಇದೆಯೇ ಎಂದಷ್ಟೇ ನೋಡಿ, ಓದದೆ ಮುಚ್ಚುತ್ತಿದ್ದರು. ಬೇರೆ ಯಾರಾದರೂ ಕೂತು ಓದಿ ಎದ್ದರೆ ಮತ್ತೊಮ್ಮೆ. ಕ್ಷೇಮ ವಿಚಾರಿಸಿದ ಹಾಗೆ. ಆ ಪಾಪಿ ಯಂತ್ರ ಅದೆಲ್ಲವನ್ನೂ ಎರವಲು ಎಂದೇ ಎಣಿಸಿತ್ತು. ಜೋಪಾನ ಮಾಡಿಯೇ ಪುಸ್ತಕ ಸವೆಸಿದ್ದರು.

ಪ್ರಕಾಶಕರಿಗೆ ಫೋನು ಹಚ್ಚಿದೆವು. ಹೊಸ ಸಿ.ಡಿ. ಕೊಡಿ ಎಂದರೆ, “ಲೈಬ್ರರಿಗೆ ಕೊಡೋದು ನಿಲ್ಸಿದೀವಿ ಮೇಡಂ. ಅಲ್ಲೇ ಓದ್ಕೊಂಡ್ರೆ ಪುಸ್ತಕ ಯಾರು ಕೊಂಡ್ಕೋತಾರೆ?” ಎಂದರು. ಜನ್ಮದಲ್ಲಿ ಯಾರ ಮುಂದೆಯೂ ತಗ್ಗದ ಆಂಟಿ ಎರಡೂ ಕೈಯಲ್ಲಿ ರಿಸೀವರ್ ಹಿಡಿದು ಬೇಡಿಕೊಂಡರು. “ಸಾರ್, ಯಾರಿಗೂ ಕೊಡಲ್ಲ ಸಾರ್. ನಾನೊಬ್ಬಳೇ ಓದ್ತೀನಿ. ಒಂದೇ ಅಧ್ಯಾಯ ಸಾರ್, ಬೀಗ ತೆಗೀರಿ. ಕಣ್ಣು ನಿಲ್ಲಲ್ಲ ಸಾರ್.” ಆ ಕಡೆಯಿಂದ, ಅಚ್ಚಿನ ಪುಸ್ತಕ ಇದೆಯಲ್ಲ, ಅದನ್ನೇ ಓದಿ ಎಂಬ ಉತ್ತರ. ನಾನು ಫೋನು ಕಸಿದು ಬಾಯಿಗೆ ಬಂದಂತೆ ಬೈದೆ. ಇಟ್ಟುಬಿಟ್ಟರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಅದೇ.

ನಾನು ಓದಿ ಹೇಳುತ್ತೇನೆ ಎಂದೆ. ಒಪ್ಪಲಿಲ್ಲ. “ನೀನು ಓದಿದ್ರೆ ನೀನು ಅತ್ತ ಕಡೆ ನಾನೂ ಅಳಬೇಕಾಗುತ್ತೆ. ನಂಗೆ ಬೇಕಾದ ಕಡೆ ನಾನು ಅಳ್ತೀನಿ.” ಪುಟಗಳನ್ನು ದೊಡ್ಡದಾಗಿ ಜೆರಾಕ್ಸ್ ಮಾಡಿಸಿ ತಂದೆ. ಬಿಳಿ ಹಾಳೆ ಕಣ್ಣು ಕುಕ್ಕಿ ನೀರು ಸುರಿಯಿತೇ ಹೊರತು ಒಂದಕ್ಷರ ಹತ್ತಲಿಲ್ಲ. ಕಪ್ಪಿನ ಮೇಲೆ ಬಿಳಿಯೇ ಬೇಕು. ಆಗ ನನ್ನ ಟ್ಯೂಷನ್ ಬೋರ್ಡಿನ ನೆನಪಾಯಿತು.

ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದ ಕರಿಹಲಗೆಯನ್ನು ಹೊತ್ತು ತಂದು ಅವರ ಕುರ್ಚಿಯ ಮುಂದೆ ನಿಲ್ಲಿಸಿದೆ. ಅಚ್ಚಿನ ಪುಸ್ತಕ ನೋಡಿಕೊಂಡು ಸೀಮೆಸುಣ್ಣದಲ್ಲಿ ದಪ್ಪಕ್ಕೆ ನಾಲ್ಕು ಪದ ಬರೆಯುವುದು. ಅವರು ಕತ್ತು ವಾರೆ ಮಾಡಿ ಓದುವುದು. “ಹೂಂ, ಓದಿದೆ. ಅಳಿಸು” ಎಂದರೆ ಅಳಿಸಿ ಮತ್ತೆ ನಾಲ್ಕು ಪದ. ಮಧ್ಯಾಹ್ನವೆಲ್ಲ ಇದೇ. ಸುಣ್ಣದ ಪುಡಿಯಿಂದ ನನ್ನ ತಲೆಯೆಲ್ಲ ಬೆಳ್ಳಗೆ. “ನೋಡು, ಕಥೆ ಮುಗಿಯೋದ್ರೊಳಗೆ ನೀನೂ ಮುದುಕಿ ಆಗ್ತೀಯ” ಎಂದು ಛೇಡಿಸುತ್ತಿದ್ದರು. ದಿನ ಹೋದ ಹಾಗೆ ಅಕ್ಷರ ದೊಡ್ಡದಾಯಿತು, ನಾಲ್ಕು ಪದ ಎರಡಾಯಿತು, ಒಂದಾಯಿತು. ಪುಟ ಸಾಗುತ್ತಲೇ ಇರಲಿಲ್ಲ. ದೇವರೇ, ಈ ಹೆಂಗಸಿಗೆ ಇನ್ನು ನಾಲ್ಕು ಪುಟದಷ್ಟು ಕಣ್ಣು ಕೊಡು ಎಂದು ನಾನು ಬರೆಯುತ್ತಲೇ ಬೇಡುತ್ತಿದ್ದೆ.

ಒಂದು ಮಧ್ಯಾಹ್ನ ಹಲಗೆ ಒರೆಸಿ ಇನ್ನೇನು ಬರೆಯಬೇಕು, ಸೀಮೆಸುಣ್ಣ ಮುರಿದು ಕೆಳಗೆ ಬಿತ್ತು. ನಾನು ಹುಡುಕಲು ಬಗ್ಗಿದ್ದೆ.

“ಹೂಂ, ಓದಿದೆ. ಅಳಿಸು” ಎಂದರು ಆಂಟಿ.

ತಲೆಯೆತ್ತಿ ನೋಡಿದೆ. ಖಾಲಿ ಹಲಗೆಯತ್ತ ಕತ್ತು ವಾರೆ ಮಾಡಿ, ಮುಗುಳ್ನಗುತ್ತ ಕೂತಿದ್ದರು. ಎಂದಿನಿಂದ ಹೀಗೋ, ಎಷ್ಟು ದಿನದಿಂದಲೋ... ಡಸ್ಟರ್ ತೆಗೆದುಕೊಂಡು, ಅವರಿಗೆ ಸದ್ದು ಕೇಳುವ ಹಾಗೆ ಆ ಖಾಲಿ ಹಲಗೆಯನ್ನು ಒರೆಸಿದೆ. ಮತ್ತೆ ಬರೆದೆ. ಉಳಿದ ಪುಟಗಳನ್ನು ಒಂದಕ್ಷರ ಬಿಡದೆ, ದಿನವೂ ಬಂದು, ಕೊನೆಯ ಪುಟದ ಕೊನೆಯ ಪದದವರೆಗೂ ಬರೆದೆ. ಕೊನೇ ಪುಟ ಇಲ್ಲದ ಪುಸ್ತಕ ಅವರಿಗೆ ಕೊಡಲು ನನ್ನಿಂದ ಆಗಲಿಲ್ಲ.

“ಮುಗೀತಾ?” ಎಂದರು.

“ಮುಗೀತು ಆಂಟಿ.”

“ಚೆನ್ನಾಗಿ ಮುಗಿಸಿದಾರೆ ಕಣೇ” ಎಂದರು.

ಆ ಮಗಳು ತಿರುಗಿ ಬಂದಳೋ ಇಲ್ಲವೋ ಎಂದು ಅವರು ಮತ್ತೆಂದೂ ನನ್ನೊಂದಿಗೆ ವಾದಿಸಲಿಲ್ಲ. ಆಂಟಿ ಹೋಗಿ ವರ್ಷಗಳೇ ಆದವು. ಅವರ ಶೆಡ್ಡಿನಲ್ಲಿ ಈಗ ಯಾರದೋ ಕಾರು ನಿಲ್ಲುತ್ತದೆ. ಅವರಂತೆ ಪುಸ್ತಕ ಕೈಯಿಂದ ಕಿತ್ತುಕೊಳ್ಳುವವರು ನನಗೆ ಮತ್ತೆ ಸಿಗಲಿಲ್ಲ.

“ಅಜ್ಜೀ, ತಳ ಹತ್ತಿದ ವಾಸನೆ!” ಎಂದು ಮೊಮ್ಮಗಳು ಕೂಗಿದಳು. ಒಲೆ ಆರಿಸಿದೆ. ಆ ಮಗಳು ಬರಲಿಲ್ಲ ಆಂಟಿ, ಕೊನೆಯವರೆಗೂ ಬರಲಿಲ್ಲ, ಎಂದು ಪಾತ್ರೆಯ ಮುಂದೆ ನಿಂತು ಹೇಳಿದೆ.