ಬಂದೂಕಿಗೆ ಮಕ್ಖಿ ಕೂಡಿಸಿದ ಶನಿವಾರ

ಕೊನೆಯ ಸಾದಾ ದಿನ ಒಂದು ಶನಿವಾರ. ಅವತ್ತು ನಾನೂ ನಮ್ಮ ಯಜಮಾನರೂ ಭೋಸರಿಯಿಂದ ಬಸ್ಸು ಹಿಡಿದು ಕ್ಯಾಂಪ್ ಪೇಟೆಯಲ್ಲಿರುವ ಬಂದೂಕಿನ ಅಂಗಡಿಗೆ ಹೋಗಿದ್ದೆವು. ಅವರ ಜೋಡುನಳಿಗೆ ಬಂದೂಕಿಗೆ ಹೊಸ ಮಕ್ಖಿ ಕೂಡಿಸುವುದಿತ್ತು. ಚಪಾತಿ, ಹೆಸರುಕಾಳಿನ ಪಲ್ಯ ಬುತ್ತಿ ಕಟ್ಟಿಕೊಂಡಿದ್ದೆ. ಮದುವೆಗೆ ಹೊರಟವರ ಹಾಗೆ ಇಬ್ಬರೂ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡಿದ್ದೆವು.

ಮಕ್ಖಿ ಎಂದರೆ ನೊಣ. ಗುರಿ ನೋಡಲಿಕ್ಕೆಂದು ನಳಿಗೆಯ ತುದಿಯಲ್ಲಿ ಜೋಳದ ಕಾಳಿನಷ್ಟು ಒಂದು ಹಿತ್ತಾಳೆಯ ಗುಂಡು ಇರುತ್ತದೆ. ನೊಣ ಕೂತ ಹಾಗೆಯೇ ಕಾಣುತ್ತದೆ. ಫೌಜಿನವರೂ ಅಂಗಡಿಯವರೂ ಅದಕ್ಕೆ ಮಕ್ಖಿ ಎಂದೇ ಅನ್ನುತ್ತಾರೆ. ಮನೆಗೆ ಬಂದೂಕು ಬಂದ ಮೇಲೆ ಆ ಮಾತು ನನ್ನ ಬಾಯಿಗೂ ಬಂತು.

ಬಂದೂಕು ಬಂದದ್ದು ಬೇಟೆಗಲ್ಲ, ಹೊಟ್ಟೆಪಾಡಿಗೆ. ಅವರು ಬೆಳಗಾವಿ ಕಡೆಯವರು, ಹರೆಯವನ್ನೆಲ್ಲ ಸೈನ್ಯದಲ್ಲಿ ಕಳೆದು ಪಿಂಚಣಿ ಮೇಲೆ ಬಂದವರು. ಹಾಗೆ ಬಂದವರು ಸ್ವಂತ ಹೆಸರಿನಲ್ಲಿ ಲೈಸನ್ಸ್ ಮಾಡಿಸಿ ಸ್ವಂತ ಬಂದೂಕು ಇಟ್ಟುಕೊಂಡರೆ ಏಜೆನ್ಸಿಯವರು ಬ್ಯಾಂಕಿನ ಬಾಗಿಲಿಗೆ ಗಾರ್ಡ್ ಮಾಡಿ ನಿಲ್ಲಿಸುತ್ತಾರೆ. ನಮ್ಮವರು ಹಾಗೆ ನಿಂತು ಮಗಳ ಮದುವೆ ಮಾಡಿದರು, ಈ ಎರಡು ಕೋಣೆಯ ಮನೆ ಮಾಡಿದರು. ಇಷ್ಟು ವರ್ಷದಲ್ಲಿ ಬ್ಯಾಂಕಿನಲ್ಲಿ ಒಂದು ಗುಂಡೂ ಹಾರಿಸುವ ಪ್ರಸಂಗ ಬರಲಿಲ್ಲ. ಆದರೆ ವರ್ಷಕ್ಕೊಮ್ಮೆ ಏಜೆನ್ಸಿಯವರು ಎಲ್ಲ ಗಾರ್ಡುಗಳನ್ನೂ ರೇಂಜಿಗೆ ಕರೆದೊಯ್ದು ಗುರಿ ಹೊಡೆಸುತ್ತಾರೆ. ಅಲ್ಲಿ ತಪ್ಪಿದವನಿಗೆ ಬಂದೂಕಿನ ಡ್ಯೂಟಿ ಇಲ್ಲ.

ಆ ವರ್ಷ ಅವರ ಬಲಗಣ್ಣಿಗೆ ಮೋತಿಬಿಂದು ಬಂದಿತ್ತು. ಕಣ್ಣಿನ ಡಾಕ್ಟರು ಪೊರೆ ತೆಗೆಸಿಕೊಳ್ಳಿ, ಹೆದರುವಂಥದ್ದೇನಿಲ್ಲ ಎಂದಿದ್ದರು. ಇವರು ಗುರಿ ಪರೀಕ್ಷೆ ಮುಗಿಯಲಿ ಎಂದರು. ಮೊದಲು ಪೊರೆ ತೆಗೆಸಿಕೊಂಡು ಆಮೇಲೆ ಪರೀಕ್ಷೆಗೆ ಹೋದರೆ ಸುಪರ್‌ವೈಜರಿಗೆ ಗೊತ್ತಾಗುತ್ತದೆ, ಕಣ್ಣು ಹೋದ ಗಾರ್ಡ್ ಅಂತ ಹೆಸರು ಬೀಳುತ್ತದೆ ಎಂಬ ಹೆದರಿಕೆ. ಹಳೆಯ ಹಿತ್ತಾಳೆ ಗುಂಡು ಅವರಿಗೆ ಕಾಣುತ್ತಲೇ ಇರಲಿಲ್ಲ. ದೊಡ್ಡದೊಂದು ಹಾಕಿಸಿದರೆ ಈ ಸಲ ದಾಟಿಕೊಂಡೇನು ಎಂಬುದು ಅವರ ಲೆಕ್ಕ.

ಡಾಕ್ಟರ ಹತ್ತಿರ ಹೋಗಿ ಬಂದ ಮೇಲೂ, ಕಣ್ಣು ಮಬ್ಬಾಗಿದೆ ಎಂದು ಅವರು ಮನೆಯಲ್ಲಿ ಕೂಡ ಒಮ್ಮೆಯೂ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಬಸ್ ಸ್ಟಾಪಿನಲ್ಲಿ ನಿಂತಾಗ, "ನೋಡೂಣು, ನಿನಗ ಮರಾಠಿ ಅಂಕಿ ಓದಾಕ ಬರ್ತದೋ ಇಲ್ಲೋ, ಯಾವ ಬಸ್ಸದು ಹೇಳು" ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಸೂಜಿಗೆ ದಾರ ಪೋಣಿಸುವುದು, ಔಷಧದ ಶೀಸೆಯ ಮೇಲಿನ ತಾರೀಖು ಓದುವುದು, ಅಕ್ಕಿಯಲ್ಲಿ ಹುಳ ನೋಡುವುದು, ಎಲ್ಲದಕ್ಕೂ ಒಂದೊಂದು ಚೇಷ್ಟೆ. ಹೀಗೆ ಸಂಸಾರ ನಡೆದಿತ್ತು. ಮನೆಯಲ್ಲಿ ನೋಡುವ ಕೆಲಸ ನನ್ನದು, ನೋಡಿದ ಹಾಗೆ ಇರುವ ಕೆಲಸ ಅವರದು.

ಅವತ್ತು ಬಸ್ಸಿನಲ್ಲಿ ಅವರ ಮೊಣಕಾಲಿನ ನಡುವೆ ನಿಂತ ಉದ್ದನೆಯ ಕ್ಯಾನ್ವಾಸ್ ಚೀಲ ನೋಡಿ ಕಂಡಕ್ಟರ್ ಮರಾಠಿಯಲ್ಲಿ ಕೇಳಿದ. "ಏನ್ರಿ ಕಾಕಾ, ಬ್ಯಾಂಕ್ ಲೂಟಿ ಮಾಡಾಕ ಹೊಂಟೀರೇನು?"

"ಲೂಟಿ ಮಾಡವ್ರು ಕಾರಿನ್ಯಾಗ ಹೋಗ್ತಾರಪಾ. ಬಸ್ಸಿನ್ಯಾಗ ಬರವ್ರು ಕಾಯವ್ರು" ಎಂದರು ಇವರು. ಸುತ್ತಲಿನವರು ನಕ್ಕರು. ಅವರಿಗೂ ಖುಷಿಯಾಯಿತು. ಇಳಿಯುವವರೆಗೂ ಅದೇ ನಗು ಮುಖದಲ್ಲಿತ್ತು.

ಅಂಗಡಿಯ ಸೇಠರು ವಯಸ್ಸಾದವರು. ಅವರ ಹಿಂದಿ, ನಮ್ಮವರ ಫೌಜಿ ಹಿಂದಿ ಚೆನ್ನಾಗಿ ಹೊಂದುತ್ತಿತ್ತು. ನಾನು ಕೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ. ಸೇಠರು ಗಾಜಿನ ಮೇಲೆ ಮೆತ್ತಗಿನ ಬಟ್ಟೆ ಹಾಸಿ ಮಕ್ಖಿಗಳನ್ನು ಇಟ್ಟರು. ಹಿತ್ತಾಳೆಯದು, ಉಕ್ಕಿನದು, ತುದಿಗೆ ಬಿಳಿ ಇದ್ದದ್ದು, ಕೆಂಪು ಪ್ಲಾಸ್ಟಿಕಿನದು. ಕೆಂಪಿನದು ಬೆಳಕಿನಲ್ಲಿ ದೀಪದ ಹಾಗೆ ಹೊಳೆಯುತ್ತಿತ್ತು. ನನಗೆ ಅದೇ ಸೇರಿತು.

"ಛೇ, ಇದೇನು ಸ್ಕೂಟರಿನ ಹಿಂದಿನ ಲೈಟು!" ಎಂದು ನಮ್ಮವರು ಬದಿಗೆ ಸರಿಸಿದರು. ಬಿಳಿಯದನ್ನು ಆರಿಸಿದರು. ಆಮೇಲೆ, "ಇದರ ಜೋಡಿ ಹಿಂದಿಂದೂ ಬೇಕ್ರಿ, ರೈಫಲಿನಂಗ" ಎಂದರು.

ಸೇಠರಿಗೆ ಅದು ಒಪ್ಪಿಗೆಯಾಗಲಿಲ್ಲ. ರೈಫಲಿಗೆ ಎರಡು ಕಡೆ ಇರುತ್ತದೆ. ಮುಂದೆ ಮಕ್ಖಿ, ಹಿಂದೆ ನಡುವೆ ಕಚ್ಚು ಕೊಯ್ದ ಉಕ್ಕಿನ ತುಂಡು. ಕಚ್ಚಿನ ನಡುವೆ ಮಕ್ಖಿಯನ್ನು ತಂದು ನಿಲ್ಲಿಸಿದರೆ ಗುರಿ ಸಿಕ್ಕಿತು. ಸಣ್ಣ ಗುಂಡುಗಳನ್ನು ಚೆದರಿಸಿ ಹಾರಿಸುವ ಇಂಥ ಛರ್ರೆಯ ಬಂದೂಕಿಗೆ ಹಿಂದೆ ಏನೂ ಇರುವುದಿಲ್ಲ.

"ಫೌಜಿ, ಈ ಬಂದೂಕಿಗೆ ಹಿಂದ ನಿಮ್ಮ ಕಣ್ಣ ಇರ್ತದ. ಗಲ್ಲ ಎಲ್ಲಿಡ್ತೀರಿ, ಅದರ ಮ್ಯಾಲ ಎಲ್ಲಾ. ಬ್ಯಾರೆ ಕಚ್ಚು ಯಾಕ?"

"ಸೇಠಜೀ, ನನ್ನ ಕೈ ರೈಫಲಿನ ಮ್ಯಾಲ ತಯಾರಾಗೇದ. ಎರಡು ಕೂಡಿಸಿ ನೋಡ್ಲಿಲ್ಲಂದ್ರ ನನಗ ನೋಡಿದಂಗ ಆಗೂದಿಲ್ಲ."

ಸೇಠರು ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಮತ್ತೆ ವಾದ ಮಾಡಲಿಲ್ಲ. ಕಚ್ಚಿನ ತುಂಡನ್ನು ಕಣ್ಣಿಗೆ ತೀರ ಹತ್ತಿರ ಇಡುವುದು ಬೇಡ, ವಯಸ್ಸಾದ ಕಣ್ಣಿಗೆ ಹತ್ತಿರದ್ದು ಮಬ್ಬಾಗುತ್ತದೆ, ನಳಿಗೆಯ ಮೇಲೆ ಒಂದು ಗೇಣು ಮುಂದಕ್ಕೆ ಇಡೋಣ ಎಂದರು. "ನಮ್ಮ ವಯಸ್ಸಿನವರಿಗೆ" ಎಂದು ತಮ್ಮನ್ನೂ ಸೇರಿಸಿಕೊಂಡು ಹೇಳಿದರು.

ಹಳೆಯ ಗುಂಡನ್ನು ತಿರುಪಿ ತೆಗೆದರು. ಅದರ ಜಾಗದಲ್ಲಿ ಬಿಳಿಯದು ಕೂತಿತು. ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಕಚ್ಚಿನ ತುಂಡನ್ನು ಹಿಡಿಸಿ, ಅಕ್ಕಪಕ್ಕದಿಂದ ಸಣ್ಣ ಸ್ಕ್ರೂ ಬಿಗಿದರು. ಎದುರಿನ ಗೋಡೆಗೆ ಕಪ್ಪು ಚುಕ್ಕೆಯ ಕಾಗದ ಅಂಟಿಸಿದ್ದರು. ಇನ್ನು ಅದನ್ನು ನೋಡಿ ಎತ್ತರ ಸರಿಯಾಗಿದೆಯೋ ಇಲ್ಲವೋ ಹೇಳಬೇಕು. ಹೆಚ್ಚಾದರೆ ಸೇಠರು ಅರದಿಂದ ಉಜ್ಜಿ ಇಳಿಸುತ್ತಾರೆ.

ಅವರು ಬಂದೂಕನ್ನು ನಡುವೆ ಮಡಚಿ ತೆರೆದು ಎರಡೂ ನಳಿಗೆ ಖಾಲಿ ಇರುವುದನ್ನು ಸೇಠರಿಗೂ ನನಗೂ ತೋರಿಸಿದರು. ಹೆಗಲಿಗೇರಿಸಿ ನೋಡಿದರು. ಬಾಗಿಲಿನ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು. ಮತ್ತೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಬಸ್ಸಿನ ನಂಬರು ಕೇಳುವ ಅದೇ ದನಿಯಲ್ಲಿ, "ಇಕಿ ನೋಡ್ಲಿ. ಸೂಜಿ ಪೋಣಸೂ ಕಣ್ಣು, ಚೂಪ ಇರ್ತಾವ" ಎಂದರು.

ನಾನು ಸೆರಗು ಸಿಕ್ಕಿಸಿಕೊಂಡು ಹೆಗಲು ಕೊಟ್ಟೆ. ಅವರೇ ನನ್ನ ಮೊಣಕೈ ಹಿಡಿದು ಎತ್ತರಿಸಿದರು. ಗಲ್ಲ ಬಂದೂಕಿನ ಹಿಂದಿನ ಕಟ್ಟಿಗೆಗೆ ಒತ್ತಬೇಕು, ಉಸಿರು ಹಿಡಿಯಬೇಕು ಎಂದು ಕಿವಿಯಲ್ಲಿ ಹೇಳಿದರು. ಮಕ್ಖಿ ಕಚ್ಚಿನೊಳಗೆ ಮುಳುಗಿದ ಹಾಗೆ ಕಂಡಿತು. ಸೇಠರು ತುಂಡು ಬಿಚ್ಚಿ ಉಜ್ಜಿದರು. ಮತ್ತೆ ನೋಡಿದೆ. ಇನ್ನಷ್ಟು ಉಜ್ಜಿದರು. ಕೊನೆಗೆ ಬಿಳಿ ಗುಂಡು ಕಚ್ಚಿನ ನಡುವೆ ಹೂವಿಟ್ಟ ಹಾಗೆ ಕೂತಿತು.

"ಹೆಂಗೈತಿ?" ಎಂದರು ಇವರು.

"ಬರೋಬರಿ ಅದರಿ."

"ಬರೋಬರಿ ಅದಂತ ಸೇಠಜೀ" ಎಂದು ಅವರು ಜಂಬದಿಂದ ಹೇಳಿದರು. ಸೇಠರು ನಮ್ಮಿಬ್ಬರ ಮುಖವನ್ನೂ ಒಮ್ಮೆ ನೋಡಿದರು. "ಮನ್ಯಾಗ ಆರಾಮಾಗಿ ಹಿಡದು ನೋಡ್ರಿ. ಬೇಕಾದ್ರ ಸೋಮವಾರ ಬರ್ರಿ" ಎಂದಷ್ಟೇ ಅಂದರು.

ಮನೆಗೆ ಬಂದು, ಚಹಾ ಕುಡಿದು, ಅವರು ಕಿಟಕಿಗೆ ಬೆನ್ನು ಮಾಡಿ ಕೂತು ಬಂದೂಕು ಹೆಗಲಿಗಿಟ್ಟರು. ನಾನು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ಅವರು ಇಳಿಸಿ ಇಳಿಸಿ ಮತ್ತೆ ಹೆಗಲಿಗಿಟ್ಟು ನೋಡಿದರು. ಆಮೇಲೆ ನಗತೊಡಗಿದರು. ಬಂದೂಕು ಕೆಳಗಿಟ್ಟು ಕಣ್ಣೊರೆಸಿಕೊಂಡು ನಕ್ಕರು.

"ಅಲ್ಲ, ಇದು ನಿನ್ನ ಮಾರಿಗೆ ಕೂಡಿಸಿದಾರ!"

ನನಗೆ ತಿಳಿಯಲಿಲ್ಲ. ಅವರೇ ತಿಳಿಸಿ ಹೇಳಿದರು. ನನ್ನದು ಗಿಡ್ಡ ಮುಖ, ಗಲ್ಲ ಊರಿದರೆ ಕಣ್ಣು ಕೆಳಗೆ ಬರುತ್ತದೆ. ಅವರದು ಉದ್ದ ಮುಖ, ಅವರ ಕಣ್ಣು ಮೇಲೆ ನಿಲ್ಲುತ್ತದೆ. ಅವರು ನೋಡಿದರೆ ಬಿಳಿ ಮಕ್ಖಿ ಕಚ್ಚನ್ನು ಬಿಟ್ಟು ಮೇಲೆ ತೇಲುತ್ತಿದೆ. ಕಚ್ಚು ಇನ್ನೂ ಎತ್ತರದ್ದು ಬೇಕಿತ್ತು, ಸೇಠರು ನನ್ನ ಮಾತು ಕೇಳಿ ಇಳಿಸಿಬಿಟ್ಟಿದ್ದರು.

"ಈಗ ಏನ್ ಮಾಡೂದ್ರಿ?"

"ಏನದ ಮಾಡೂದು? ರೇಂಜಿಗೆ ನೀನ ಹೋಗು. ಬ್ಯಾಂಕಿನ ಮುಂದ ನೀನ ನಿಂದ್ರು. ನಾ ಮನ್ಯಾಗ ಸೊಪ್ಪು ಬಿಡಿಸ್ಕೋತ ಕುಂಡ್ರತೀನಿ."

"ಬಿಡಸ್ರಿ, ಹುಳ ಬಂದ್ರ ನನ್ನ ಕೇಳಬ್ಯಾಡ್ರಿ."

ಮಾತು ಬಾಯಿ ಜಾರಿ ಬಂದಿತ್ತು. ಅವರ ಕಣ್ಣಿನ ಬಗ್ಗೆ ನಾನು ಎಂದೂ ಇಷ್ಟು ನೇರವಾಗಿ ಅಂದಿರಲಿಲ್ಲ. ಅವರು ಮತ್ತೆ ನಕ್ಕರು. "ಹೌದು, ಕಾಣ್ಸೂದಿಲ್ಲ ಬಿಡು" ಎಂದರು. ಪರೀಕ್ಷೆ ಮುಗಿದ ಮರುದಿನವೇ ಕಣ್ಣಿನ ಆಸ್ಪತ್ರೆಗೆ ಹೋಗೋಣ, ಸೋಮವಾರ ಮೊದಲು ಸೇಠರ ಹತ್ತಿರ ಹೋಗಿ ಎತ್ತರದ ಕಚ್ಚು ಹಾಕಿಸೋಣ ಎಂದು ಇಬ್ಬರೂ ಮಾತಾಡಿಕೊಂಡೆವು. ಎಷ್ಟೋ ದಿನದ ಮೇಲೆ ಅವರು ಹೊಟ್ಟೆ ತುಂಬ ಉಂಡರು.

ಭಾನುವಾರ ಬೆಳಿಗ್ಗೆ ಹಾಲು ತರಲು ಹೋದವರು ಬಂದು ಹೊಸ್ತಿಲಲ್ಲೇ ಕೂತರು. "ಎದಿಯೊಳಗ ಏನೋ ಹಿಡದಂಗ ಆಗೇದ, ನೀರು ಕೊಡು" ಎಂದರು. ಪಕ್ಕದ ಮನೆಯವರು ರಿಕ್ಷಾದಲ್ಲಿ ಹಾಕಿಕೊಂಡು ಓಡಿದರು. ದಾರಿಯಲ್ಲಿ ನನ್ನ ಕೈ ಹಿಡಿದಿದ್ದರು. ಆಸ್ಪತ್ರೆ ಮುಟ್ಟುವ ಮೊದಲೇ ಆ ಹಿಡಿತ ಬಿಟ್ಟಿತು.

ದಿನಕರ್ಮ ಮುಗಿಯುವ ಮುಂಚೆ ಏಜೆನ್ಸಿಯ ಸುಪರ್‌ವೈಜರ್ ಬಂದು ಕೂತ. ಚಿಕ್ಕ ವಯಸ್ಸಿನವನು, ಅವರನ್ನು ಕಾಕಾ ಎನ್ನುತ್ತಿದ್ದ. ಅವರ ಕಣ್ಣಿನ ಸಂಗತಿ ಬ್ಯಾಂಕಿನಲ್ಲಿ ಎಲ್ಲರಿಗೂ ಗೊತ್ತಿತ್ತಂತೆ. "ಕಾಕಾ ಬಾಯಿ ಬಿಟ್ಟು ಹೇಳಿದ್ದರ ನಾನು ಪರೀಕ್ಷೆ ಮುಂದ ಹಾಕಸ್ತಿದ್ದೆ ಕಾಕು. ಅವರು ಹೇಳ್ಲಿಲ್ಲ, ನನಗ ಕೇಳಾಕ ಧೈರ್ಯ ಆಗ್ಲಿಲ್ಲ" ಎಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನೂ ಕೇಳದೆ ಇದ್ದವಳೇ. ಅವರು ಹಾಗೆ ಇರಲಿ ಎಂದು ನಾವೆಲ್ಲ ಬಿಟ್ಟಿದ್ದೆವು. ಅವರ ಮೇಲಿನ ಮರ್ಯಾದೆಗೇ ಬಿಟ್ಟಿದ್ದೆವು.

ಲೈಸನ್ಸಿದ್ದವರು ಹೋದ ಮೇಲೆ ಬಂದೂಕು ಮನೆಯಲ್ಲಿ ಇರುವಂತಿಲ್ಲ. ಪೊಲೀಸ್ ಠಾಣೆಯಲ್ಲಿ ತಿಳಿಸಿ ಅಂಗಡಿಯಲ್ಲಿ ಜಮಾ ಮಾಡಬೇಕು ಎಂದರು. ಇಂದಾಪುರದಿಂದ ಬಂದಿದ್ದ ಮಗಳು ಜೊತೆಗೆ ಬಂದಳು. ಠಾಣೆಯಿಂದ ಒಬ್ಬ ಹವಾಲ್ದಾರರೂ ಬಂದರು. ಈ ಸಲ ಜೀಪಿನಲ್ಲಿ ಹೋದೆವು.

ಸೇಠರಿಗೆ ಸುದ್ದಿ ಗೊತ್ತಿರಲಿಲ್ಲ. ನನ್ನ ಹಣೆ ನೋಡಿ ಎದ್ದು ನಿಂತರು. ಸ್ಟೂಲು ಹಾಕಿ ಕೂರಿಸಿ ನೀರು ಕೊಟ್ಟರು. ಬಂದೂಕು ತೆಗೆದುಕೊಂಡು ಅದರ ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಡ್ರಾಯರಿನಿಂದ ಒಂದು ಸಣ್ಣ ಪೊಟ್ಟಣ ತೆಗೆದು ಬಿಚ್ಚಿದರು. ಒಳಗೆ ಕಚ್ಚಿನ ಇನ್ನೊಂದು ತುಂಡಿತ್ತು, ಮೊದಲಿನದಕ್ಕಿಂತ ಎತ್ತರದ್ದು.

"ಸೋಮವಾರ ಬರ್ತಾರಂತ ತೆಗೆದಿಟ್ಟಿದ್ದೆ, ವಹಿನಿ" ಎಂದರು. "ಮೊದಲಿಂದು ಅವರ ಕಣ್ಣಿಗೆ ಹೊಂದೂದಿಲ್ಲಂತ ಅವತ್ತ ನನಗ ಗೊತ್ತಾಗಿತ್ತು. ನಿಮ್ಮ ಮುಂದ ಹೇಳಾಕ ಮನಸ್ಸಾಗ್ಲಿಲ್ಲ. ಮನ್ಯಾಗ ಅವರೇ ನೋಡಿ ತಿಳ್ಕೊಂಡ್ರ ಛಲೋ ಅಂತ ಬಿಟ್ಟೆ."

"ತಿಳ್ಕೊಂಡ್ರು. ಭಾಳ ನಕ್ಕರು" ಎಂದೆ.

ಮಗಳು ನನ್ನ ಬೆನ್ನ ಮೇಲೆ ಕೈಯಿಟ್ಟಳು. "ಅವ್ವ, ಬ್ಯಾರೆಯವರು ತಗೊಂಡ್ರ ಇದನ್ನೆಲ್ಲ ತೆಗಸ್ತಾರ. ಇರಲಿ ಬಿಡು" ಎಂದಳು. ಅವಳು ಹೇಳಿದ್ದು ನಿಜ. ಆದರೂ ನಾನು ಸೇಠರಿಗೆ ಅದನ್ನು ಕೂಡಿಸಿರಿ ಎಂದೆ. ಹವಾಲ್ದಾರರು ಗಡಿಬಿಡಿ ಮಾಡಲಿಲ್ಲ, ಹೊರಗೆ ಹೋಗಿ ಬಾಗಿಲ ಬಳಿ ನಿಂತರು. ಸೇಠರು ಗಿಡ್ಡ ತುಂಡನ್ನು ಬಿಚ್ಚಿದರು, ಎತ್ತರದ್ದನ್ನು ಹಿಡಿಸಿ ಸ್ಕ್ರೂ ಬಿಗಿದರು. ಅದು ಇನ್ನೂ ಉಜ್ಜಿರದ ತುಂಡು. ಎಷ್ಟು ಬೇಕೋ ಅಷ್ಟು ಇಳಿಸಬೇಕು. ಸೇಠರು ಅರ ಕೈಯಲ್ಲಿ ಹಿಡಿದು ಕಾದರು.

ಎಷ್ಟು ಇಳಿಸಬೇಕೆಂದು ಹೇಳಲು ಆ ಕಟ್ಟಿಗೆಗೆ ಅವರ ಗಲ್ಲ ಊರಬೇಕಿತ್ತು. ಅದು ಇಲ್ಲ.